ಶಾಫ್ಟ್ ಡ್ರೈವ್ ಸ್ಪ್ಲೈನ್‌ಗೆ ಲೋಡರ್‌ನ ಮಾಲಿ ಗ್ರೀಸ್ ನಡೀತದೇನ್ರಿ?

ತೋರಣಗಲ್ಲು_ಸವಾರ
ಹೋಂಡಾ ಗೋಲ್ಡ್ ವಿಂಗ್ ಬೈಕಿನ (ಚೈನ್ ಬದಲು ಶಾಫ್ಟ್‌ನಿಂದ ಗಾಲಿ ತಿರುಗೋದು) ಹಿಂದಿನ ಗಾಲಿ ಬಿಚ್ಚೈತಿ, ಟೈರ್ ಬದಲಿಸೋದಕ್ಕೆ. ಡ್ರಿವನ್ ಫ್ಲ್ಯಾಂಜ್ (ಗಾಲಿಗೆ ಬಲ ಕೊಡೋ ತಟ್ಟೆ) ಸ್ಪ್ಲೈನ್, ಅಂದ್ರೆ ಒಂದರೊಳಗೊಂದು ಕೂರೋ ಹಲ್ಲು, ಒಣಗೈತಿ, ಹಲ್ಲಿನ ಬುಡದಾಗ ಕೆಂಪು ಪುಡಿ. ಗಣಿ ಕಡೆ ಲೋಡರ್ ಬಕೆಟ್ ಪಿನ್ನಿಗೆ ಹೊಡಿಯೋ ಮಾಲಿ ಇಪಿ-2 ಗ್ರೀಸ್ (ಮಾಲಿ ಅಂದ್ರೆ ಮಾಲಿಬ್ಡಿನಮ್ ಡೈಸಲ್ಫೈಡ್, ಇಪಿ ಅಂದ್ರೆ ಭಾರಿ ಒತ್ತಡ ತಡಿಯೋದು) ಸಿಗ್ತೈತಿ. ಅದನ್ನೇ ಹಚ್ಚಬಹುದಾ, ಇಲ್ಲಾ ಮಾಲಿ ಪುಡಿ ತರಿಸಿ ಅದಕ್ಕೆ ಕಲಸ್ಲಾ?

ಸಂಡೂರು_ಫಿಟ್ಟರ್
ಅದೊಂದನ್ನೇ ಹಚ್ಚಬೇಡ್ರಿ. ಆ ಗ್ರೀಸಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಸಾಮಾನ್ಯವಾಗಿ ಶೇ. 3, ಹೆಚ್ಚಂದ್ರೆ 5. ಹೋಂಡಾ ಕೈಪಿಡಿ ಕೇಳೋದು ಶೇ. 40ಕ್ಕಿಂತ ಹೆಚ್ಚಿರೋ ಪೇಸ್ಟ್. ಬಕೆಟ್ ಪಿನ್ನಿಗೆ ಮೇಲಿಂದ ಮೇಲೆ ಗನ್ ಹಿಡಿದು ಹೊಸ ಗ್ರೀಸ್ ತುಂಬ್ತಾರೆ, ಸ್ಪ್ಲೈನ್ ಮತ್ತೆ ಗ್ರೀಸ್ ಕಾಣೋದು ಮುಂದಿನ ಟೈರಿಗೇ. ಮೇಲಾಗಿ ಸ್ಪ್ಲೈನ್ ಹಲ್ಲು ಭಾರ ಹೊತ್ತು ಇದ್ದಲ್ಲೇ ಚೂರೇ ಚೂರು ಉಜ್ಜಾಡ್ತಾವೆ. ಎಣ್ಣೆ ಹಿಂಡಿ ಹೊರಗೆ ಹೋದ್ರೆ ವಾಪಸ್ ಎಳ್ಕೊಳ್ಳೋಷ್ಟು ಚಲನೆ ಅಲ್ಲಿಲ್ಲ. ಉಳಿದು ಕೆಲಸ ಮಾಡೋದು ಮಾಲಿಯ ಪದರ ಮಾತ್ರ.

ಪುಡಿ ಲೆಕ್ಕ ಹಾಕಿ ನೋಡ್ರಿ: ಶೇ. 3ರ 100 ಗ್ರಾಂ ಗ್ರೀಸನ್ನ ಶೇ. 40ಕ್ಕೆ ಏರಿಸೋಕೆ ಸುಮಾರು 62 ಗ್ರಾಂ ಪುಡಿ ಬೇಕು. ಅಷ್ಟು ಹಾಕಿದ್ರೆ ಲಾಂಬಿ (ಪುಟ್ಟಿ) ಥರ ಗಟ್ಟಿಯಾಗಿ ಗಂಟು ಕಟ್ತದೆ, ಕೈಯಲ್ಲಿ ಸಮನಾಗಿ ಕಲಸೋಕಾಗಲ್ಲ. ಬದಲಿಗೆ ಶೇ. 60ರ ಪೇಸ್ಟ್ 20 ಗ್ರಾಂ, ನಿಮ್ಮ ಗ್ರೀಸ್ 10 ಗ್ರಾಂ. ಶೇ. 41 ಬರ್ತದೆ. ಅರ್ಧಕ್ಕರ್ಧ ಮಾಡಿದ್ರೆ 31.5ಕ್ಕೆ ಇಳೀತು. ತೂಕ ಮಾಡ್ಲೇಬೇಕು, ಚಮಚದ ಅಳತೆ ನಂಬಬೇಡ್ರಿ. ಮಾಲಿ ನೀರಿಗಿಂತ ಹತ್ರಹತ್ರ 5 ಪಟ್ಟು ಭಾರ.

ಕೌಲ್‌ಬಜಾರ್_ಸ್ಪ್ಯಾನರ್
ಲೆಕ್ಕ ಸರಿ ಐತ್ರಿ. ಆದ್ರೆ ಶೇ. 60ರ ಪೇಸ್ಟೇ ಕೈಗೆ ಬಂದ್ಮೇಲೆ ಕಲಸೋದ್ಯಾಕೆ? ಹಂಗೇ ಹಚ್ಚಿ. ಮಳೆಯಲ್ಲಿ ಜಾಸ್ತಿ ಓಡೋ ಗಾಡಿಗೆ ಮಾತ್ರ ನೀರು ತಡಿಯೋ ಗ್ರೀಸ್ ಸೇರಿಸಿದ್ದಕ್ಕೆ ಅರ್ಥ ಐತಿ. ಕಲಸೋದೇ ಆದ್ರೆ ಎರಡರ ಡಬ್ಬಿ ಮೇಲೆ ಬೇಸ್ (ಎಣ್ಣೆ ಗಟ್ಟಿ ಮಾಡೋ ವಸ್ತು) ಯಾವುದು ಅಂತ ಓದ್ರಿ. ಲಿಥಿಯಂ ಗ್ರೀಸನ್ನ ಪಾಲಿಯೂರಿಯಾ ಅಥವಾ ಬೆಂಟೋನ್ (ಜೇಡಿಮಣ್ಣಿನ ಬೇಸ್) ಗ್ರೀಸ್ ಜೊತೆ ಬೆರೆಸಿದ್ರೆ ಒಡೆದು ನೀರಾಗೋ ಸಂಭವ ಜಾಸ್ತಿ. ಚೂರು ಕಲಸಿ ಗಾಜಿನ ಮೇಲೆ ಒಂದು ದಿನ ಬಿಸಿಲಿಗಿಡಿ, ಬಳ್ಳಾರಿ ಬಿಸಿಲೇ ಸಾಕು. ಎಣ್ಣೆ ಬಿಟ್ರೆ, ತೆಳ್ಳಗಾದ್ರೆ ಎಸೀರಿ.

ಇನ್ನು ಆ ಕೆಂಪು ಪುಡಿ. ಗಣಿ ಧೂಳು ಅಂತ ಒರೆಸಿ ಬಿಡಬೇಡ್ರಿ. ಅದೂ ಐರನ್ ಆಕ್ಸೈಡೇ, ಉಕ್ಕು ಉಜ್ಜಿ ಉದುರೋದೂ ಐರನ್ ಆಕ್ಸೈಡೇ, ಬಣ್ಣದ ಮೇಲೆ ಗೊತ್ತಾಗಲ್ಲ. ಓ-ರಿಂಗ್ (ಧೂಳು, ನೀರು ತಡಿಯೋ ರಬ್ಬರ್ ಬಳೆ) ನೆಟ್ಟಗಿದ್ದೂ ಒಳಗೆ ಪುಡಿ ಇದ್ರೆ ಅದು ಹಲ್ಲಿಂದೇ.

ತೋರಣಗಲ್ಲು_ಸವಾರ
ಓ-ರಿಂಗ್ ಬಿರುಕು ಬಿಟ್ಟೈತ್ರಿ. ಹಲ್ಲು ಸವೆದಿದ್ದು ಹೆಂಗ್ ನೋಡೋದು? ಎಷ್ಟು ಹಚ್ಚಬೇಕು?

ಸಂಡೂರು_ಫಿಟ್ಟರ್
ಮೊದ್ಲು ಸೀಮೆಎಣ್ಣೆ, ಬ್ರಷ್. ಆಮೇಲೆ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸ್ರಿ, ಜಿಡ್ಡಿನ ಮೇಲೆ ಮಾಲಿ ಸರಿಯಾಗಿ ಹಿಡಿಯಲ್ಲ. ಹಲ್ಲಿನ ಪಕ್ಕದ ಮೇಲೆ ಉಗುರು ಎಳೀರಿ. ಮೆಟ್ಟಿಲು ತಾಗಿದ್ರೆ, ತುದಿ ಚೂಪಾಗಿದ್ರೆ ಯಾವ ಗ್ರೀಸೂ ಉಳಿಸಲ್ಲ. ಜೋಡಿ ಹಲ್ಲನ್ನೂ ನೋಡಿ ಎರಡೂ ಬದಲಿಸ್ರಿ, ಹಳೇ ಹಲ್ಲು ಹೊಸದನ್ನ ಬೇಗ ತಿಂತದೆ. ಚೆನ್ನಾಗಿದ್ರೆ ಗಟ್ಟಿ ಕೂದಲಿನ ಬ್ರಷ್‌ನಿಂದ ಎರಡೂ ಕಡೆ ಹಲ್ಲಿನ ಎಲ್ಲ ಮುಖಕ್ಕೂ ತೆಳ್ಳಗೆ ತಿಕ್ಕಿ. ಓ-ರಿಂಗ್ ಹೊಸದೇ ಹಾಕ್ರಿ. ಉಳಿದ ಪೇಸ್ಟನ್ನ ಗಾಲಿ ಬೇರಿಂಗಿಗೆ ಮಾತ್ರ ತುಂಬಬೇಡ್ರಿ, ಅಷ್ಟು ಮಾಲಿ ಇದ್ರೆ ಗುಂಡು ಉರುಳೋ ಬದಲು ಜಾರ್ತಾವೆ.