1780ರ ದಶಕದ ಗೌನು: ಕೈ ಎತ್ತಿದರೆ ಬಾಡಿಸ್ (ಗೌನಿನ ಮೈಭಾಗ) ಪೂರ್ತಿ ಮೇಲೇರುತ್ತದೆ, ಬೆನ್ನ ಕಡೆ ಬಟ್ಟೆ ಬಿಡುತ್ತಿದೆ

ಪ್ರಶ್ನೆ

ಇಂಗ್ಲಿಷ್ ಮಾದರಿಯ, ಮುಂದೆ ಪಿನ್ ಹಾಕಿ ಮುಚ್ಚುವ ಗೌನು. ಹೊರಗೆ ರೇಷ್ಮೆ ಟಫೆಟಾ, ಒಳಗೆ ಲಿನನ್ ಲೈನಿಂಗ್, ತೋಳು ಮೊಣಕೈವರೆಗೆ. ಕೈ ಇಳಿಬಿಟ್ಟು ನಿಂತಾಗ ಎಲ್ಲೂ ಸುಕ್ಕಿಲ್ಲ. ಕೈ ಮುಂದೆ ಚಾಚಿದ ಕೂಡಲೇ ಸೊಂಟದ ಗೆರೆ 5 ಸೆಂ.ಮೀ. ಮೇಲೆ ಬರುತ್ತದೆ, ಕೈ ಇಳಿಸಿದರೂ ಮೊದಲಿನ ಜಾಗಕ್ಕೆ ಕೂರುವುದಿಲ್ಲ. ಎರಡೂ ತೋಳುಗಳ ಹಿಂಬದಿಯಲ್ಲಿ, ಕಂಕುಳಿನಿಂದ ನಾಲ್ಕು ಬೆರಳು ಮೇಲೆ, ಹೊಲಿಗೆಯ ಪಕ್ಕದಲ್ಲೇ ಟಫೆಟಾದ ಎಳೆಗಳು ಸರಿದು ಜಾಲರಿಯ ಹಾಗಾಗಿವೆ. ನೂಲು ಕಿತ್ತಿಲ್ಲ, ಬಟ್ಟೆಯೇ ಬಿಡುತ್ತಿದೆ.

ಅಳತೆಗಳು: ಆರ್ಮ್‌ಹೋಲ್ (ತೋಳು ಕೂರಿಸುವ ತೆರಪು) ಸುತ್ತ 48 ಸೆಂ.ಮೀ., ತೋಳಿನ ದಪ್ಪ 30, ತೋಳುಬಟ್ಟೆಯ ಅಗಲ 35, ಕ್ಯಾಪ್ (ತೋಳುಬಟ್ಟೆಯ ಮೇಲಿನ ಕಮಾನು) ಎತ್ತರ 16, ಎರಡು ಆರ್ಮ್‌ಹೋಲ್‌ಗಳ ನಡುವೆ ಬೆನ್ನಿನ ಅಗಲ 36. ಬೆನ್ನನ್ನು ಇನ್ನೂ ಅಗಲ ಮಾಡಬೇಕೇ? ಟಫೆಟಾ 60 ಸೆಂ.ಮೀ. ಉಳಿದಿದೆ, ಪನ್ನ (ಬಟ್ಟೆಯ ಅಗಲ) 112.

ಉತ್ತರ 1

ಬೆನ್ನನ್ನು ಮುಟ್ಟುವ ಮೊದಲು ಆರ್ಮ್‌ಹೋಲ್ ನೋಡಿ. 30 ಸೆಂ.ಮೀ. ತೋಳಿಗೆ 48ರ ಆರ್ಮ್‌ಹೋಲ್ ತೀರಾ ದೊಡ್ಡದು. ಅಷ್ಟು ದೊಡ್ಡದಾಗಿದ್ದರೆ ಅದು ಕಂಕುಳಿಗಿಂತ ಬಹಳ ಕೆಳಗೆ ಇಳಿದಿರುತ್ತದೆ.

ಆರ್ಮ್‌ಹೋಲ್ ದೊಡ್ಡದಿದ್ದರೆ ಕೈಯಾಡಿಸಲು ಸಲೀಸು ಎಂದು ಹೆಚ್ಚಿನವರು ತಿಳಿದಿದ್ದಾರೆ. ಆಗುವುದು ತದ್ವಿರುದ್ಧ. ಕೈ ಎತ್ತಿದಾಗ ಸೊಂಟದಿಂದ ಕಂಕುಳು, ಕಂಕುಳಿಂದ ಮೊಣಕೈವರೆಗಿನ ಒಳಗಿನ ಉದ್ದ ಹಿಗ್ಗಬೇಕು. ಆ ಉದ್ದಕ್ಕೆ ಬಟ್ಟೆ ಸಿಗುವುದು ಎರಡು ಕಡೆಯಿಂದ: ಬಾಡಿಸ್‌ನ ಪಕ್ಕದ ಹೊಲಿಗೆಯಿಂದ ಮತ್ತು ತೋಳಿನ ಒಳಹೊಲಿಗೆಯಿಂದ. ಆರ್ಮ್‌ಹೋಲ್ 4 ಸೆಂ.ಮೀ. ಕೆಳಗಿದ್ದರೆ ಬಾಡಿಸ್‌ನಲ್ಲಿ 4, ತೋಳಿನಲ್ಲಿ 4, ಒಟ್ಟು 8 ಸೆಂ.ಮೀ. ಕಡಿಮೆ. ಆ ಕೊರತೆ ತುಂಬಲು ಬಾಡಿಸ್ ಸೊಂಟವನ್ನೇ ಎಳೆದುಕೊಂಡು ಮೇಲೆ ಬರುತ್ತದೆ. ಹದಿನೆಂಟನೇ ಶತಮಾನದ ಗೌನುಗಳಲ್ಲಿ ಆರ್ಮ್‌ಹೋಲ್ ಚಿಕ್ಕದು, ಕಂಕುಳಿಗೆ ಒತ್ತಿಕೊಂಡೇ ಕೂರುತ್ತದೆ.

ಎರಡು ವಿಷಯ ತಿಳಿಸಿ. ಫಿಟ್ಟಿಂಗ್ ಯಾವುದರ ಮೇಲೆ ನೋಡಿದ್ದು, ಸ್ಟೇಸ್ (ಮೈಗೆ ಬಿಗಿಯುವ ಗಟ್ಟಿ ಒಳಕವಚ) ತೊಟ್ಟ ಮೈ ಮೇಲೋ ಬೊಂಬೆಯ ಮೇಲೋ? ಇನ್ನೊಂದು, ಶಿಫ್ಟ್ (ಎಲ್ಲಕ್ಕಿಂತ ಒಳಗಿನ ಸಡಿಲ ಅಂಗಿ), ಸ್ಟೇಸ್, ಗೌನು ಎಲ್ಲ ತೊಟ್ಟು ಕಂಕುಳಲ್ಲಿ ಸ್ಕೇಲನ್ನು ಅಡ್ಡ ಹಿಡಿದು ಕೈ ಇಳಿಸಿ. ಸ್ಕೇಲಿನಿಂದ ಆರ್ಮ್‌ಹೋಲ್ ಹೊಲಿಗೆಗೆ ಎಷ್ಟು ಅಂತರ? ಒಂದು ಬೆರಳು, ಅಂದರೆ 1.5ರಿಂದ 2 ಸೆಂ.ಮೀ. ಇದ್ದರೆ ಸರಿ.

ಉತ್ತರ 2

ಕಂಕುಳಲ್ಲಿ ಚೌಕದ ಗಸೆಟ್ (ಸಡಿಲಕ್ಕೆಂದು ಸೇರಿಸುವ ಬಟ್ಟೆ ತುಂಡು) ಹಾಕಿದರೆ ಸಾಕಲ್ಲವೇ? ತೋಳು ಬಿಚ್ಚುವ ಕೆಲಸವೂ ಉಳಿಯುತ್ತದೆ.

ಉತ್ತರ 1

ಈ ಗೌನಿಗೆ ಬೇಡ. ಚೌಕದ ಗಸೆಟ್ ಶಿಫ್ಟ್‌ಗೆ ಸೇರಿದ್ದು. ಅಲ್ಲಿ ತೋಳು, ಮೈ ಎರಡೂ ನೇರ ತುಂಡುಗಳು, ಗಸೆಟ್ ಇಲ್ಲದೆ ಕೈಯೇ ಆಡುವುದಿಲ್ಲ. ಮೈಗೆ ಅಂಟಿದ ಬಾಡಿಸ್‌ಗೆ ಅದನ್ನು ಸೇರಿಸಿದರೆ ಕೈ ಇಳಿಸಿದಾಗ ಕಂಕುಳಲ್ಲಿ ಗಂಟಿನ ಹಾಗೆ ಮುದುಡುತ್ತದೆ. ಟಫೆಟಾ ಗರಿಗರಿಯಾದ ಬಟ್ಟೆ, ಆ ಮುದುಡು ಹೊರಗೂ ಕಾಣುತ್ತದೆ. ಅದೂ ಅಲ್ಲದೆ ಕೆಳಗಿಳಿದ ಆರ್ಮ್‌ಹೋಲ್ ಕೆಳಗೇ ಉಳಿಯುತ್ತದೆ.

ಕೇಳಿದವರು

ಫಿಟ್ಟಿಂಗ್ ನೋಡಿದ್ದು ಬೊಂಬೆಯ ಮೇಲೆ, ಸ್ಟೇಸ್ ತೊಡಿಸಿ. ಸ್ಕೇಲಿನಿಂದ ಹೊಲಿಗೆಗೆ ಪೂರ್ತಿ 6 ಸೆಂ.ಮೀ. ಅಂತರವಿದೆ.

ಉತ್ತರ 1

ಬೊಂಬೆಗೆ ಕೈಯಿಲ್ಲ, ಹಾಗಾಗಿ ಈ ತಪ್ಪು ಅಲ್ಲಿ ಕಾಣಿಸುವುದೇ ಇಲ್ಲ. 4 ಸೆಂ.ಮೀ. ಏರಿಸಬೇಕು.

ಮೊದಲು ಕೋರಾ ಬಟ್ಟೆಯಲ್ಲಿ ನೋಡಿ. ಒಂದು ಕಡೆಯ ತೋಳನ್ನು ಪೂರ್ತಿ ಬಿಚ್ಚಿ. ಆರ್ಮ್‌ಹೋಲ್‌ನ ತಳಕ್ಕೆ ಅರ್ಧಚಂದ್ರದ ತುಂಡನ್ನು ಕಚ್ಚಾ ಹೊಲಿಗೆ ಹಾಕಿ ಸೇರಿಸಿ, ನಡುವೆ 4 ಸೆಂ.ಮೀ. ಎತ್ತರ, ಎರಡು ತುದಿಗೆ ಸೊನ್ನೆಯಾಗುವಂತೆ ಸುಮಾರು 14 ಸೆಂ.ಮೀ. ಉದ್ದ. ಆಮೇಲೆ ನಿಮ್ಮ ತೋಳು ಭುಜದ ಜೊತೆ ಸೇರುವ ಜಾಗವನ್ನು ಟೇಪಿನಿಂದ ಸುತ್ತ ಅಳೆಯಿರಿ. ಅದಕ್ಕೆ 2–3 ಸೆಂ.ಮೀ. ಕೂಡಿಸಿದರೆ ಬರುವುದೇ ಹೊಸ ಆರ್ಮ್‌ಹೋಲ್ ಗುರಿ. ಸುಮಾರು 41 ಬರಬಹುದು.

ಹಳೆಯ ತೋಳು ಇದಕ್ಕೆ ಕೂರುವುದಿಲ್ಲ. ಕ್ಯಾಪ್ 16 ಇರುವುದನ್ನು 12ಕ್ಕೆ ಇಳಿಸಿ. ಆದರೆ ಮೇಲಿನಿಂದ ಕತ್ತರಿಸಿ ಇಳಿಸಬೇಡಿ, ತೋಳು 4 ಸೆಂ.ಮೀ. ಗಿಡ್ಡವಾಗಿಬಿಡುತ್ತದೆ. ಕಂಕುಳ ಕಡೆಯ ಎರಡು ಮೂಲೆಗಳು ಮೇಲೇರಬೇಕು. ಅಲ್ಲಿಗೆ ತೇಪೆ ಹಾಕುವ ಬದಲು ಕೋರಾದಲ್ಲಿ ಹೊಸ ತೋಳನ್ನೇ ಕತ್ತರಿಸಿ ನೋಡಿ. ಉಳಿದಿರುವ 60 ಸೆಂ.ಮೀ. ಟಫೆಟಾದಲ್ಲಿ ಎರಡು ತೋಳು ಪಕ್ಕಪಕ್ಕ ಬರುತ್ತವೆ, ಎಳೆ ತಪ್ಪದ ಹಾಗೆ.

ಬಾಡಿಸ್‌ನ ಅರ್ಧಚಂದ್ರಕ್ಕೆ ತೇಪೆ ಎಂದು ಅಳುಕಬೇಡಿ. ಆ ಕಾಲದ ರೇಷ್ಮೆಯ ಪನ್ನ ಹೆಚ್ಚಾಗಿ 19–21 ಇಂಚು ಮಾತ್ರ, ಉಳಿದಿರುವ ಹಳೆಯ ಗೌನುಗಳಲ್ಲಿ ಇಂಥ ಜೋಡಣೆ ಎಷ್ಟೋ ಕಡೆ ಇದೆ.

ಉತ್ತರ 3

ಪರೀಕ್ಷೆ ಮಾಡುವಾಗ ಸುಕ್ಕು ಎತ್ತ ಓಡುತ್ತದೆ ನೋಡಿ. ಕಂಕುಳಿನಿಂದ ಸೊಂಟಕ್ಕೆ ಓರೆಯಾಗಿ ಎಳೆದರೆ ಆರ್ಮ್‌ಹೋಲ್ ಇನ್ನೂ ಕೆಳಗಿದೆ. ಭುಜದ ತುದಿಯಿಂದ ತೋಳಿನ ಕಡೆಗೆ ಎಳೆದರೆ ಕ್ಯಾಪ್ ಇನ್ನೂ ಎತ್ತರ. ಎರಡು ರೆಕ್ಕೆಮೂಳೆಗಳ ನಡುವೆ ಅಡ್ಡಡ್ಡ ಎಳೆದರೆ ತೋಳಿನ ಹಿಂಭಾಗದಲ್ಲಿ ಅಗಲ ಸಾಲದು.

ಶಿಫ್ಟ್ ತೋಳನ್ನೂ ಅಳೆಯಿರಿ. ಅದು ತುಂಬಾ ಅಗಲವಿದ್ದರೆ ಗೌನಿನ ಬಿಗಿ ತೋಳೊಳಗೆ ತಿರುಚಿಕೊಂಡು ಕಂಕುಳಲ್ಲಿ ಉಂಡೆಯಾಗುತ್ತದೆ, ನೀವು ಕೊಟ್ಟ ಸಡಿಲವನ್ನೆಲ್ಲ ಅದೇ ತಿಂದುಬಿಡುತ್ತದೆ. ಶತಮಾನದ ಕೊನೆಯ ಹೊತ್ತಿಗೆ ಶಿಫ್ಟ್ ತೋಳುಗಳು ಕಿರಿದಾಗಿದ್ದವು. ನಿಮ್ಮ ಅಳತೆಗೆ ಸುತ್ತ 38, ಗಸೆಟ್ 10×10 ಸಾಕು.

ಗುರಿ ಎಷ್ಟಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಮೊಣಕೈ ಭುಜದ ಮಟ್ಟಕ್ಕೆ ಬಂದಾಗ ಸೊಂಟ 1 ಸೆಂ.ಮೀ.ಗಿಂತ ಹೆಚ್ಚು ಏರಬಾರದು. ಎರಡು ಕೈಗಳನ್ನೂ ತಲೆಯ ಮೇಲೆ ನೇರ ಎತ್ತುವುದು ಈ ಉಡುಪಿನ ಕೆಲಸವಲ್ಲ.

ಕೇಳಿದವರು

ಕೋರಾದಲ್ಲಿ ಮಾಡಿ ನೋಡಿದೆ. ಆರ್ಮ್‌ಹೋಲ್ 41, ಕ್ಯಾಪ್ 12, ಅಗಲ 35. ಸೊಂಟ ಈಗ 1.5 ಸೆಂ.ಮೀ. ಮಾತ್ರ ಏರುತ್ತದೆ. ಆದರೆ ಕೈ ಮುಂದೆ ಚಾಚಿದರೆ ಬೆನ್ನಿನಲ್ಲಿ ಅಡ್ಡ ಎಳೆತ ಇನ್ನೂ ಇದೆ, ಅದೂ ಎಳೆ ಸರಿದ ಜಾಗದಲ್ಲೇ. ಶಿಫ್ಟ್ ತೋಳು 46 ಇತ್ತು, ಕಿರಿದು ಮಾಡುತ್ತಿದ್ದೇನೆ.

ಉತ್ತರ 1

ಈಗ ಬೆನ್ನಿಗೆ ಬರೋಣ. ಅಗಲ ಮಾಡಬೇಡಿ, ಕಿರಿದು ಮಾಡಿ. ಎರಡೂ ಕಡೆ 1.2 ಸೆಂ.ಮೀ. ಒಳಗೆ ಸರಿಸಿದರೆ ಬೆನ್ನು 33.6 ಆಗುತ್ತದೆ, ಹಾಳಾದ ಎಳೆಗಳೂ ಮಾರ್ಜಿನ್ (ಹೊಲಿಗೆಯಾಚೆ ಬಿಡುವ ಅಂಚು) ಒಳಗೆ ಹೋಗಿಬಿಡುತ್ತವೆ.

ಬೆನ್ನಿನ ಬಟ್ಟೆ ಲೈನಿಂಗಿಗೆ ಅಂಟಿಕೊಂಡು ನಿಶ್ಚಲವಾಗಿರುತ್ತದೆ. ರೆಕ್ಕೆಮೂಳೆ ಮಾತ್ರ ಕೈಯ ಜೊತೆ ಸರಿಯುತ್ತದೆ. ಮೂಳೆಯ ಮೇಲೆ ಬೆನ್ನಿನ ಬಟ್ಟೆ ಇದ್ದರೆ ಎಳೆತವೆಲ್ಲ ಹೊಲಿಗೆಯ ಮೇಲೆ ಬೀಳುತ್ತದೆ. ಅಲ್ಲಿ ತೋಳಿನ ಬಟ್ಟೆ ಇದ್ದರೆ ಅದೂ ಕೈಯ ಜೊತೆಗೇ ಸರಿಯುತ್ತದೆ. ಹಳೆಯ ಗೌನುಗಳ ಬೆನ್ನು ಅಷ್ಟು ಕಿರಿದಾಗಿರುವುದರ ಉಪಯೋಗ ಇದೇ. ಬೆನ್ನಿನಿಂದ ತೆಗೆದದ್ದನ್ನು ತೋಳಿಗೆ ಕೊಡಿ: ಅಗಲ 35ರಿಂದ 37, ಹೆಚ್ಚಿದ 2 ಸೆಂ.ಮೀ. ಪೂರ್ತಿ ತೋಳಿನ ಹಿಂಭಾಗಕ್ಕೆ. ಆಗ ಕ್ಯಾಪ್‌ನ ಅಂಚು ಸುಮಾರು 44 ಬರುತ್ತದೆ. 41ಕ್ಕಿಂತ ಹೆಚ್ಚಿರುವ 3 ಸೆಂ.ಮೀ. ನೆರಿಗೆಗೆ ಹೋಗುತ್ತದೆ.

ತೋಳು ಕೂರಿಸುವ ಕ್ರಮ ಈಗಿನದಲ್ಲ. ಸುತ್ತಲೂ ಒಂದೇ ಸಲ ಮಶೀನು ಓಡಿಸಬೇಡಿ. ಮೊದಲು ಕಂಕುಳ ಕಡೆಯ ಅರ್ಧ ಮಾತ್ರ, ಒಳಮೈ ಹೊರಗಿಟ್ಟು, ಮೇಣ ಸವರಿದ ಲಿನನ್ ನೂಲಿನಲ್ಲಿ 3 ಮಿ.ಮೀ. ಬ್ಯಾಕ್‌ಸ್ಟಿಚ್ ಹಾಕಿ. ಮಾರ್ಜಿನ್‌ಗೆ ಕಚ್ಚು ಕೊಡುವುದಾದರೆ ಹೊಲಿಗೆಗೆ 3 ಮಿ.ಮೀ. ಇರುವಾಗಲೇ ನಿಲ್ಲಿಸಿ, ಟಫೆಟಾ ಅದಕ್ಕಿಂತ ಹತ್ತಿರ ಸಹಿಸುವುದಿಲ್ಲ. ಭುಜದಲ್ಲಿ ಹೊರಬಟ್ಟೆಯ ಪಟ್ಟಿಯನ್ನು ಬಿಡಿಸಿಡಿ, ಲೈನಿಂಗ್ ಮಾತ್ರ ಇರಲಿ.

ಇಷ್ಟಾದ ಮೇಲೆ ಎಲ್ಲ ಒಳ ಉಡುಪಿನೊಂದಿಗೆ ತೊಟ್ಟು, ಮೊಣಕೈ ಬಗ್ಗಿಸಿ ಹೊಟ್ಟೆಯ ಮುಂದೆ ಇಟ್ಟುಕೊಳ್ಳಿ. ಇನ್ನೊಬ್ಬರು ತೋಳಿನ ಮೇಲಂಚನ್ನು ಲೈನಿಂಗಿನ ಭುಜದ ಮೇಲೆ ಎಳೆದು ಹಾಸಿ ಪಿನ್ ಮಾಡಬೇಕು. ಇದನ್ನು ತೊಟ್ಟವರೇ ಮಾಡಿಕೊಳ್ಳಲು ಬರುವುದಿಲ್ಲ, ಇನ್ನೊಂದು ಕೈ ಎತ್ತಿದ ಕೂಡಲೇ ಭುಜ ಸರಿಯುತ್ತದೆ. ಹೆಚ್ಚಾದ ಬಟ್ಟೆಯನ್ನು ಭುಜದ ಹಿಂಬದಿಯಲ್ಲಿ ಎರಡು ಮೂರು ಚಿಕ್ಕ ನೆರಿಗೆ ಹಿಡಿದು ಹಿಂದಕ್ಕೆ ಮಡಚಿ. ಲೈನಿಂಗಿಗೆ ಹೊಲಿದ ಮೇಲೆ ಬಿಡಿಸಿಟ್ಟ ಪಟ್ಟಿಯನ್ನು ಮೇಲೆ ತಂದು, ಅಂಚು ಮಡಚಿ, ಸಣ್ಣ ಹೊಲಿಗೆಯಲ್ಲಿ ಕೂರಿಸಿ. ಕಚ್ಚಾ ಅಂಚೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಕೇಳಿದವರು

ತೋಳಿನ ಒಳಹೊಲಿಗೆ ಬಾಡಿಸ್‌ನ ಪಕ್ಕದ ಹೊಲಿಗೆಗೆ ಸರಿಯಾಗಿ ಸೇರಬೇಕೇ? ಇನ್ನೊಂದು, ಎಳೆ ಮತ್ತೆ ಸರಿಯದಂತೆ ಏನು ಮಾಡಲಿ?

ಉತ್ತರ 3

ಸೇರಲೇಬೇಕಿಲ್ಲ. ಕೈ ಬಗ್ಗಿಸಿ ಇಟ್ಟಾಗ ಮೊಣಕೈ ಮೇಲಿನ ಸುಕ್ಕು ಹೋಗುವವರೆಗೆ ತೋಳನ್ನು ಆರ್ಮ್‌ಹೋಲ್‌ನಲ್ಲಿ ತಿರುಗಿಸಿ, ಹೊಲಿಗೆ ಎಲ್ಲಿ ಬಂದರೆ ಅಲ್ಲೇ ಗುರುತು ಹಾಕಿ. ಹಾಗಾಗಿ ಕಂಕುಳ ಭಾಗವನ್ನೂ ಮೊದಲು ಕಚ್ಚಾ ಹೊಲಿಗೆಯಲ್ಲೇ ಹಿಡಿದು ನೋಡಿ, ಆಮೇಲೆ ಬ್ಯಾಕ್‌ಸ್ಟಿಚ್. ಒಂದು ತೋಳಿನ ಗುರುತನ್ನು ಇನ್ನೊಂದಕ್ಕೆ ಕನ್ನಡಿಯ ಹಾಗೆ ತಿರುಗಿಸಿ ಎತ್ತಿಕೊಳ್ಳಬಹುದು, ಆದರೆ ಅದನ್ನೂ ಮೈ ಮೇಲೆ ಒಮ್ಮೆ ಪಿನ್ ಮಾಡಿ ನೋಡಿ. ಎರಡು ಭುಜ ಒಂದೇ ಸಮ ಇರುವುದು ಅಪರೂಪ.

ಎಳೆತ ಲೈನಿಂಗ್ ಹೊರಬೇಕು, ರೇಷ್ಮೆ ಹೊರಬಾರದು. ಬೆನ್ನಿನ ಲೈನಿಂಗ್ ಹೊರಬಟ್ಟೆಗಿಂತ 2–3 ಮಿ.ಮೀ. ಕಿರಿದಾಗಿರಲಿ, ಆರ್ಮ್‌ಹೋಲ್ ಹತ್ತಿರ ಹೊರಬಟ್ಟೆ ಕೂದಲೆಳೆಯಷ್ಟು ಉಬ್ಬಿ ಕೂರುತ್ತದೆ. ಹಿಂಬದಿಯ ಆರ್ಮ್‌ಹೋಲ್ ಹೊಲಿಗೆಯಲ್ಲಿ 1 ಸೆಂ.ಮೀ. ಅಗಲದ ಲಿನನ್ ಟೇಪನ್ನು, ಕಂಕುಳಿನಿಂದ ಭುಜದವರೆಗೆ, ಲೈನಿಂಗ್ ಕಡೆ ಇಟ್ಟು ಜೊತೆಗೇ ಹೊಲಿಯಿರಿ. ಮಾರ್ಜಿನ್ 1.5 ಸೆಂ.ಮೀ. ಬಿಟ್ಟು ಅಂಚನ್ನು ಸುತ್ತಿ ಹೊಲಿದರೆ ಎಳೆ ಬಿಚ್ಚುವುದಿಲ್ಲ. ಹಳೆಯ ಹೊಲಿಗೆಯ ರಂಧ್ರಗಳು ಟಫೆಟಾದಲ್ಲಿ ಮುಚ್ಚುವುದಿಲ್ಲ, ಅವು ಹೊಸ ಮಾರ್ಜಿನ್ ಒಳಗೇ ಬೀಳುತ್ತವೆಯೇ ಎಂದು ಕತ್ತರಿ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿಕೊಳ್ಳಿ.