ಬಿಲ್ಲಿಗೆ ಐದು ಪಿನ್ನಿನ ಸೈಟ್ ಇದೆ, 50 ಮೀಟರಿಗೆ ಆಗುತ್ತದಾ?

ಪ್ರಶ್ನೆ, ದಾವಣಗೆರೆಯಿಂದ: ಅಮೆರಿಕದಲ್ಲಿರುವ ನಮ್ಮ ಭಾವ ರಜೆಗೆ ಬಂದಾಗ ತಮ್ಮ ಹಳೇ ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಸೈಟ್, ಅಂದರೆ ಗುರಿ ಹಿಡಿಯುವ ಸಾಧನ, ಕೊಟ್ಟುಹೋದರು. ಅಲ್ಲಿ ಜಿಂಕೆ ಬೇಟೆಗೆ ಬಳಸುತ್ತಿದ್ದರಂತೆ. 20ರಿಂದ 60 ಗಜದವರೆಗೆ, ಹತ್ತು ಗಜಕ್ಕೊಂದರಂತೆ, ಗುರಿಗೆ ಇಡುವ ಚುಕ್ಕೆಯ ಐದು ಪಿನ್. ನಾನು ಹೊಡೆಯುವುದು ಟಾರ್ಗೆಟ್ ಮಾತ್ರ. ಇದೇ ಸಾಕಾ, ಬೇರೆ ಕೊಳ್ಳಬೇಕಾ? ಬಳಸಿದವರು ಹೇಳಿ.

ದಾವಣಗೆರೆಯಿಂದಲೇ ಇನ್ನೊಬ್ಬರು: ಸಾಕು ಅಣ್ಣ, ಸುಮ್ನೆ ದುಡ್ಡು ಹಾಕಬೇಡಿ. ಆದರೆ ಐದು ಪಿನ್ ಯಾಕೆ ಅಂತ ತಿಳಿದುಕೊಳ್ಳಿ. ಜಿಂಕೆ ಇಂತಿಷ್ಟೇ ದೂರದಲ್ಲಿ ನಿಲ್ಲುತ್ತೇನೆ ಅಂತ ಮಾತು ಕೊಟ್ಟಿರುವುದಿಲ್ಲ. ತಿರುಪು ತಿರುಗಿಸುವಷ್ಟರಲ್ಲಿ ಓಡಿಹೋಗುತ್ತದೆ. ಅದಕ್ಕೇ ದೂರಕ್ಕೊಂದು ಪಿನ್. ನಮ್ಮ ಟಾರ್ಗೆಟ್ ಎಲ್ಲಿಗೂ ಓಡುವುದಿಲ್ಲ ಅಲ್ವಾ? 50 ಮೀಟರ್ ಅಂದರೆ ಹೆಚ್ಚುಕಮ್ಮಿ 55 ಗಜ. ನಿಮ್ಮ ನಾಲ್ಕನೇ ಪಿನ್ನಿಗೂ ಐದನೇದಕ್ಕೂ ನಡುವೆ ಬೀಳುತ್ತದೆ. ಆ ಖಾಲಿ ಜಾಗವನ್ನು ಅಂದಾಜಿನಲ್ಲಿ ಹಿಡಿದು ಹೊಡೆಯಬೇಡಿ.

ನಾನೂ ಮೊದಲ ವರ್ಷ ಇಂಥದ್ದನ್ನೇ ಇಟ್ಟುಕೊಂಡಿದ್ದೆ. ಒಂದು ಸಂಜೆ 20 ಮೀಟರಿನಲ್ಲಿ ನಿಂತು ಮೊದಲ ಪಿನ್ ಬದಲು ಕೊನೇ ಪಿನ್ನನ್ನು ಟಾರ್ಗೆಟ್ ನಡುವಿನ ಹಳದಿಗೆ ಇಟ್ಟು ಬಾಣ ಬಿಟ್ಟೆ. ಬಾಣ ಟಾರ್ಗೆಟ್ ಮೇಲೆ ಹಾರಿ ಪಕ್ಕದ ಮೆಕ್ಕೆಜೋಳಕ್ಕೆ ಹೋಯಿತು. ಪುಣ್ಯಕ್ಕೆ ಹೊಲದಲ್ಲಿ ಯಾರೂ ಇರಲಿಲ್ಲ. ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಮಾರನೇ ದಿನ ನಾಲ್ಕು ಪಿನ್ ಬಿಚ್ಚಿಟ್ಟೆ. ಈಗ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಬಿಲ್ಲನ್ನೇ ಎತ್ತುವುದಿಲ್ಲ.

ನಿಮ್ಮದರಲ್ಲೂ ಬಿಚ್ಚಲು ಬಂದರೆ ನಡುವಿನದೊಂದು ಉಳಿಸಿಕೊಳ್ಳಿ. ಪೀಪ್ ಅಂದರೆ ಹೆದೆಯಲ್ಲಿ ಕಣ್ಣಿನ ಮುಂದೆ ಬರುವ ಸಣ್ಣ ತೂತಿನ ಬಿಲ್ಲೆ. ಪೀಪ್‌ನಲ್ಲಿ ನೋಡುವಾಗ ಪಿನ್ ಸುತ್ತಲಿನ ಸೈಟಿನ ಬಳೆ ಪೀಪಿನ ತೂತಿಗೆ ಸರಿಯಾಗಿ ಕೂರಬೇಕು. ಆಗ ನಡುವಿನ ಪಿನ್ ತಾನಾಗಿಯೇ ಕಣ್ಣಿಗೆ ಸಿಗುತ್ತದೆ. ಆಮೇಲೆ ಇಡೀ ಸೈಟನ್ನು ಸರಿಸಿ ಕೂರಿಸಿ. ಬಾಣ ಬಿದ್ದ ಕಡೆಗೇ ಪಿನ್ ಹೋಗಬೇಕು. ಎಡಕ್ಕೆ ಬಿದ್ದರೆ ಪಿನ್ ಎಡಕ್ಕೆ, ಕೆಳಗೆ ಬಿದ್ದರೆ ಕೆಳಕ್ಕೆ. ಒಂದು ಬಾಣ ನೋಡಿ ತಿರುಗಿಸಬೇಡಿ, ಮೂರಾದರೂ ಹೊಡೆಯಿರಿ. ಹಳೇ ಜಾಗಕ್ಕೆ ಪೆನ್ಸಿಲ್ ಗೀಟು ಹಾಕಿರಿ.

ಚಿತ್ರದುರ್ಗದಿಂದ: ಪಿನ್ ದಪ್ಪ ಎಷ್ಟು ನೋಡಿದಿರಾ? 0.019 ಇಂಚಿನದಾದರೆ, ಕಣ್ಣಿನಿಂದ ಮುಕ್ಕಾಲು ಮೀಟರ್ ಆಚೆ ಇದ್ದಾಗ, 50 ಮೀಟರಿನಲ್ಲಿ ಸುಮಾರು 3 ಸೆಂಟಿಮೀಟರ್ ಮುಚ್ಚುತ್ತದೆ. 80 ಸೆಂಟಿಮೀಟರ್ ಫೇಸಿನಲ್ಲಿ (ಟಾರ್ಗೆಟ್ ಹಾಳೆ) ಹತ್ತು ಅಂಕದ ವೃತ್ತವೇ 8 ಸೆಂಟಿಮೀಟರ್, ಹಾಗಾಗಿ ನಡೆಯುತ್ತದೆ. 0.029 ಆದರೆ ಹತ್ತಿರ 5 ನುಂಗುತ್ತದೆ. ಬೇಟೆಯವರಿಗೆ ಮುಂಜಾವಿನ ಮಬ್ಬಿನಲ್ಲಿ ಕಾಣಲು ದಪ್ಪ ಬೇಕು. ನಮ್ಮ ಮಧ್ಯಾಹ್ನದ ಬಿಸಿಲಿಗೆ ಉಲ್ಟಾ. ಪಿನ್ ತುದಿಗೆ ಬೆಳಕು ತರುವ ಫೈಬರ್ ಎಳೆ ಎಷ್ಟು ಹೊಳೆಯುತ್ತದೆ ಅಂದರೆ ಚುಕ್ಕೆ ಊದಿಕೊಂಡ ಹಾಗೆ ಕಾಣುತ್ತದೆ. ನಾನು ಫೈಬರಿಗೆ ಕರೆಂಟ್ ಕೆಲಸದವರ ಕಪ್ಪು ಟೇಪ್ ಸುತ್ತಿದ್ದೇನೆ, ಬೆರಳಗಲ ಮಾತ್ರ ಬಿಟ್ಟು. ಚುಕ್ಕೆ ಸಣ್ಣದಾಯಿತು.

ಇನ್ನೊಂದು, ಬಬಲ್, ಅಂದರೆ ಬಿಲ್ಲು ನೆಟ್ಟಗಿದೆಯಾ ಅಂತ ತೋರಿಸುವ ಗುಳ್ಳೆಯ ಕೊಳವೆ. ನಮ್ಮ ಜೋಗಿಮಟ್ಟಿ ಬೆಟ್ಟದ ಕಡೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲವಲ್ಲ! ಗಾಳಿ ತಳ್ಳಿದಾಗ ಗೊತ್ತಾಗದ ಹಾಗೆ ಬಿಲ್ಲು ವಾಲುತ್ತದೆ, ಬಾಣ ಆ ಕಡೆ ಹೋಗುತ್ತದೆ. ನಾವು ಪಿನ್ನಿಗೆ ಬೈಯುತ್ತೇವೆ. ಸೈಟಿನಲ್ಲಿ ಬಬಲ್ ಇಲ್ಲದಿದ್ದರೆ ಅದಕ್ಕೆ ದುಡ್ಡು ಹಾಕಿ.

ಜಗಳೂರಿನಿಂದ: ಸೈಟ್ ಬೇಟೆಯದಾದರೂ ಬೇಟೆ ಯೋಚನೆ ಬೇಡ ಸ್ವಾಮಿ. ನಮ್ಮ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇವೆ. 1972ರ ವನ್ಯಜೀವಿ ಕಾಯ್ದೆ ಇದೆ, ಜೈಲೇ ಗತಿ. ಅಂದಹಾಗೆ ಮನೆಯಲ್ಲಿ ರಿಕರ್ವ್ (ತುದಿ ಮುಂದಕ್ಕೆ ಬಾಗಿದ, ರಾಟೆ ಇಲ್ಲದ ಬಿಲ್ಲು) ಹೊಡೆಯುವ ಮಕ್ಕಳಿದ್ದರೆ ಈ ಸೈಟ್ ಅವರಿಗೆ ಕೊಡಬೇಡಿ. ಅವರಿಗೆ ಒಂದೇ ಗುರಿಚುಕ್ಕೆ, ಪೀಪೂ ಇಲ್ಲ, ಲೆನ್ಸೂ ಇಲ್ಲ. ಮಗಳ ಬಿಲ್ಲಿಗೆ ತಪ್ಪು ಸೈಟ್ ತಂದು ವಾಪಸ್ ಕೊಡಲು ಹೋಗಿ ಅಂಗಡಿಯವರ ಹತ್ತಿರ ಜಗಳ ಆಡಿದವನು ನಾನು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಪಿನ್ ಬಿಚ್ಚಿ ಮಾತ್ರೆ ಡಬ್ಬಿಗೆ ಹಾಕಿದೆ. ಬಬಲ್ ಇದೆ, ಇಷ್ಟು ದಿನ ನೋಡೇ ಇರಲಿಲ್ಲ. ಇವತ್ತು ಆರು ಬಾಣದಲ್ಲಿ ನಾಲ್ಕು ಹಳದಿಗೆ, ಎರಡು ಎಡಕ್ಕೆ ಕೆಂಪಿಗೆ. ನಾಳೆ ಪಿನ್ ಎಡಕ್ಕೆ ಸರಿಸಲಾ, ಇನ್ನೊಂದು ಸಲ ಹೊಡೆದು ನೋಡಲಾ?