ಗಿಳಿಗೆ ಸಿಗುವುದು ಬಹುಮಾನವೋ, ಪ್ರತಿಫಲವೋ?

ದಾವಣಗೆರೆಯ ಹೈಸ್ಕೂಲು ಮಕ್ಕಳಿಗಾಗಿ ಗಿಳಿಗಳ ಬುದ್ಧಿಶಕ್ತಿಯ ಪ್ರಯೋಗಗಳ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ‘ರಿವಾರ್ಡ್’ ಎಂಬಲ್ಲಿ ಯಾವ ಪದ ಬಳಸಬೇಕೆಂಬುದು ಇತ್ಯರ್ಥವಾಗುತ್ತಿಲ್ಲ. ಬಲ್ಲವರು ತಿಳಿಸಬೇಕು.

ಬಹುಮಾನದಲ್ಲಿ ಮಾನವಿದೆ, ಗೆದ್ದವರನ್ನು ಮೆಚ್ಚಿ ಕೊಡುವಂಥದ್ದು. ಪ್ರಯೋಗಾಲಯದಲ್ಲಿ ಗಿಳಿಯನ್ನು ಯಾರೂ ಸನ್ಮಾನಿಸುವುದಿಲ್ಲ. ಇನಾಮು ಎಂದರೆ ನಮ್ಮ ಕಡೆಯ ಹಿರಿಯರಿಗೆ ಮೊದಲು ನೆನಪಾಗುವುದು ಜಮೀನು. ‘ತಿನಿಸು’ ಎಂದುಬಿಡೋಣವೆಂದರೆ ಅಲೆಕ್ಸ್ ಅಡ್ಡ ಬರುತ್ತದೆ. 1977ರಿಂದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಮಾತು ಕಲಿಸಿದ ಆ ಬೂದು ಗಿಳಿ ಬೀಗದ ಕೈಯ ಹೆಸರನ್ನು ಸರಿಯಾಗಿ ಹೇಳಿದರೆ ಅದಕ್ಕೆ ಬೀಗದ ಕೈಯೇ ಸಿಗುತ್ತಿತ್ತು.

ದುಗ್ಗಮ್ಮನ ಜಾತ್ರೆಗೆ ಹೋಗಿಬರುವ ನಮ್ಮ ಮಕ್ಕಳಿಗೆ ಗಿಳಿಶಾಸ್ತ್ರ ಹೊಸದಲ್ಲ. ಗಿಳಿ ಗೂಡಿನಿಂದ ಹೊರಬಂದು ಕೊಕ್ಕಿನಿಂದ ಕಾರ್ಡೊಂದನ್ನು ಎಳೆಯುತ್ತದೆ, ಕಾಳು ತಿಂದು ಒಳಗೆ ಹೋಗುತ್ತದೆ. ಯಾವ ಕಾರ್ಡು ಎಳೆದರೂ ಕಾಳು ಅದೇ. ಹಾಗಾಗಿ ಅದನ್ನು ಕೂಲಿ ಎನ್ನಬಹುದು. ಅಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ನ್ಯೂಜಿಲೆಂಡಿನ ಕಿಯಾ ಗಿಳಿಗಳ ಪ್ರಯೋಗದಲ್ಲಿ (2020) ಹಾಗಲ್ಲ. ಕಪ್ಪು ಟೋಕನ್‌ಗೆ ತಿನಿಸುಂಟು, ಕಿತ್ತಳೆ ಬಣ್ಣದ್ದಕ್ಕೆ ಇಲ್ಲ. ಪ್ರಯೋಗ ಮಾಡುವವರು ಎರಡು ಜಾಡಿಗಳಿಂದ ಒಂದೊಂದು ಟೋಕನ್ ತೆಗೆದು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾರೆ. ಯಾವ ಜಾಡಿಯಲ್ಲಿ ಕಪ್ಪಿನ ಪ್ರಮಾಣ ಹೆಚ್ಚೋ ಆ ಜಾಡಿಗೆ ಹೋದ ಕೈಯನ್ನೇ ಕಿಯಾಗಳು ಆರಿಸಿಕೊಂಡವು. ಇಲ್ಲಿ ಸಿಗುವುದು ಆಯ್ಕೆಯ ಫಲ. ಆದ್ದರಿಂದ ನನ್ನ ಒಲವು ‘ಪ್ರತಿಫಲ’ದ ಕಡೆಗೆ.

ತೊಡಕಾಗುವುದು ಗೊಫಿನ್ ಕಾಕಟೂ ಎಂಬ ಗಿಳಿಗಳ ವಿಷಯದಲ್ಲಿ. ಆಲಿಸ್ ಔವರ್ಸ್‌ಪರ್ಗ್ ಮತ್ತು ಸಂಗಡಿಗರ 2013ರ ಪ್ರಯೋಗದಲ್ಲಿ ಹಕ್ಕಿಗೆ ಮೊದಲು ಪೀಕನ್ ಬೀಜ ಕೊಟ್ಟು, ಅದಕ್ಕಿಂತ ಇಷ್ಟವಾದ ಗೋಡಂಬಿಯನ್ನು ತೋರಿಸುತ್ತಾರೆ. ಕೊಕ್ಕಿನಲ್ಲಿರುವುದನ್ನು ತಿನ್ನದೆ ಹಿಂದಿರುಗಿಸಿದರೆ ಮಾತ್ರ ಗೋಡಂಬಿ. ರುಚಿ ನಾಲಗೆಗೆ ತಾಗುತ್ತಿದ್ದರೂ ಕೆಲವು ಹಕ್ಕಿಗಳು 80 ಸೆಕೆಂಡುಗಳವರೆಗೂ ತಡೆದುಕೊಂಡವು! ಅದೇ ಬೀಜ ಇನ್ನಷ್ಟು ಸಿಗುತ್ತದೆಂದರೆ ಅಷ್ಟು ಕಾಯಲಿಲ್ಲ. ಮೇಲಾದದ್ದು ಸಿಗುತ್ತದೆಂದರೆ ಕಾದವು. ಕೈಗೆ ಬರುವ ಮುನ್ನವೇ ಕಣ್ಣೆದುರಿಗಿರುವ ಆ ಗೋಡಂಬಿಯನ್ನು ಪ್ರತಿಫಲ ಎನ್ನಬಹುದೇ? ‘ಆಮಿಷ’ ಎಂದರೆ ಪತ್ರಿಕೆಗಳ ವಂಚನೆ ಸುದ್ದಿಗಳ ವಾಸನೆ ಬಡಿಯುತ್ತದೆ. ಇಲ್ಲಿ ಮೋಸವಿಲ್ಲ, ಹೇಳಿದ್ದನ್ನು ಕೊಟ್ಟೇ ಕೊಡುತ್ತಾರೆ.

ಹೋರಿ ಪಳಗಿಸುವವರು ಹೇಳಿದಂತೆ ಕೇಳಿದ ಹೋರಿಗೆ ಒಂದು ತುಂಡು ಬೆಲ್ಲವನ್ನೋ ಒಂದು ಹಿಡಿ ಹಿಂಡಿಯನ್ನೋ ಕೊಟ್ಟರೆ ಅದಕ್ಕೆ ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಏನೆನ್ನುತ್ತಾರೆ? ಅಂಥದ್ದೊಂದು ಬಳಕೆಯ ಮಾತಿದ್ದರೆ ಅದನ್ನೇ ಲೇಖನಕ್ಕೆ ತೆಗೆದುಕೊಳ್ಳುತ್ತೇನೆ.